ಕಳಲೆಗೆ ಮೂರು ನೀರು

ನನ್ನದು ಅನುಮಾನದ ಬುದ್ಧಿ. ಹುಟ್ಟಿನಿಂದ ಬಂದದ್ದೋ ಕೆಲಸದಿಂದ ಅಂಟಿಕೊಂಡದ್ದೋ ಹೇಳಲಾರೆ. ಶಿವಮೊಗ್ಗದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇಪ್ಪತ್ತಾರು ವರ್ಷ ವಾರ್ಡನ್ ಆಗಿದ್ದೆ. ಮೂಗಿನಿಂದಲೇ ಸಂಬಳ ದುಡಿದೆ ಎಂದರೂ ತಪ್ಪಿಲ್ಲ. ಯಾವ ರೂಮಿನಲ್ಲಿ ಕರೆಂಟ್ ಒಲೆ ಇಟ್ಟು ಕದ್ದು ಅಡುಗೆ ಮಾಡುತ್ತಿದ್ದಾರೆ, ಯಾರ ಟ್ರಂಕಿನಲ್ಲಿ ಉಪ್ಪಿನಕಾಯಿ ಬಾಟಲಿ ಸೋರಿದೆ ಎಂದು ಮೆಟ್ಟಿಲ ಬುಡದಲ್ಲಿ ನಿಂತೇ ಹೇಳುತ್ತಿದ್ದೆ. ಹುಡುಗಿಯರು ಬೆನ್ನ ಹಿಂದೆ ನನಗೆ ಒಂದು ಅಡ್ಡಹೆಸರು ಇಟ್ಟಿದ್ದರು. ಅದೂ ನನಗೆ ಗೊತ್ತಿತ್ತು, ಗೊತ್ತಿದೆ ಎಂದು ತೋರಿಸಿಕೊಳ್ಳುತ್ತಿರಲಿಲ್ಲ.

ನಿವೃತ್ತಿಯಾಗಿ ರಾಗಿಗುಡ್ಡದ ಹತ್ತಿರ ಬಾಡಿಗೆ ಮನೆ ಹಿಡಿದ ಮೇಲೂ ಈ ಬುದ್ಧಿಗೆ ನಿವೃತ್ತಿ ಸಿಗಲಿಲ್ಲ. ಹಾಲಿನವನು ನಕ್ಕರೆ ಹಾಲನ್ನು ಎರಡು ಸಲ ನೋಡುತ್ತೇನೆ. ಹಾಗಿರುವಾಗ ಒಂದು ಬೆಳಿಗ್ಗೆ ಇಬ್ಬರು ಹುಡುಗಿಯರು ಸ್ಕೂಟರಿನಲ್ಲಿ ಬಂದು ನನ್ನ ಗೇಟಿನ ಮುಂದೆ ನಿಂತು ಊಟಕ್ಕೆ ಕರೆದರೆ ನಾನು ಏನೆಂದುಕೊಳ್ಳಬೇಕು?

"ಮೇಡಂ, ಶಂಕರಘಟ್ಟದ ಯೂನಿವರ್ಸಿಟಿ ಕ್ಯಾಂಪಸ್ಸಿಂದ ಬಂದಿದೀವಿ. ತಿಂಗಳಿಗೊಂದ್ಸಲ ಭದ್ರಾವತೀಲಿ ಊರೂಟ ಮಾಡ್ತೀವಿ. ಈ ಭಾನುವಾರ ನೀವು ಬರ್ಲೇಬೇಕು" ಎಂದಳು ಕನ್ನಡಕದವಳು.

"ಯಾವ ಸಂಘದವರು ನೀವು?"

"ಸಂಘ ಗಿಂಘ ಏನಿಲ್ಲ ಮೇಡಂ. ಸ್ಟೂಡೆಂಟ್ಸೇ ಸೇರ್ಕೊಂಡು ಮಾಡ್ತೀವಿ."

"ಎಲೆಕ್ಷನ್ ಬಂತಾ?"

"ಇಲ್ಲ ಮೇಡಂ."

"ಮತ್ತೆ ಊರಿನವರಿಗೆಲ್ಲ ಯಾಕೆ ಊಟ ಹಾಕ್ತೀರಿ?"

ಇಬ್ಬರೂ ಮುಖ ಮುಖ ನೋಡಿಕೊಂಡರು. "ಹಸಿವಾಗುತ್ತಲ್ಲ ಮೇಡಂ" ಎಂದಳು ಇನ್ನೊಬ್ಬಳು. ನನಗೆ ನಗು ಬಂತು. ನಗಲಿಲ್ಲ.

ಅವರು ಹೇಳಿದ್ದು ಇಷ್ಟು. ಭದ್ರಾವತಿಯ ಹಳೆಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಮುಚ್ಚಿಹೋದ ಒಂದು ಶಾಲೆಯ ಹಾಲ್ ಇದೆ. ಅಲ್ಲಿ ಅಡುಗೆ. ಸುತ್ತಮುತ್ತ ಬೆಳೆದದ್ದು, ಆ ತಿಂಗಳಲ್ಲಿ ಸಿಗುವಂಥದ್ದು ಮಾತ್ರ ಒಲೆ ಏರಬೇಕು. ಲಾರಿಯಲ್ಲಿ ದೂರದಿಂದ ಬಂದ ತರಕಾರಿ ಕೂಡದು. ಉಪ್ಪು, ಸಾಸಿವೆ, ಇಂಗಿಗೆ ಮಾತ್ರ ವಿನಾಯಿತಿ. ಆ ವಿನಾಯಿತಿಗಾಗಿಯೇ ಅವರಲ್ಲಿ ದೊಡ್ಡ ಜಗಳವಾಗಿತ್ತಂತೆ. ಪ್ರತಿ ಪದಾರ್ಥವನ್ನೂ ಬಡಿಸುವ ಮೊದಲು ಅದು ಎಲ್ಲಿಂದ ಬಂತೆಂದು ತಂದವರು ಹೇಳಬೇಕು. ಆಮೇಲೆ ಅದರ ವಿಷಯ ಬಲ್ಲ ಹಿರಿಯರೊಬ್ಬರು ಎದ್ದುನಿಂತು ಎರಡು ಮಾತು ಆಡಬೇಕು. ಅದಾದ ಮೇಲೇ ಸೌಟು ಎಲೆಯ ಹತ್ತಿರ ಬರುವುದು.

"ನಾನು ಯಾವುದರ ಬಗ್ಗೆ ಮಾತಾಡ್ಬೇಕು?" ಎಂದೆ.

"ಕಳಲೆ ಬಗ್ಗೆ ಮೇಡಂ. ನಮ್ಮ ಸೀನಿಯರ್ ಅಕ್ಕ ಹೇಳಿದ್ರು, ಕಳಲೆ ವಿಷಯಾನ ನಿಮ್ಮನ್ನೇ ಕೇಳ್ಬೇಕು ಅಂತ. ಅವರು ನಿಮ್ಮ ಹಾಸ್ಟೆಲಲ್ಲೇ ಇದ್ರಂತೆ."

ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ಬರುತ್ತೇನೆ ಎಂದು ಹೇಳಿ ಅವರನ್ನು ಬೇಗ ಕಳಿಸಿಬಿಟ್ಟೆ.

ಇಲ್ಲಿ ಆರು ವರ್ಷ ಹಿಂದಿನ ಮಾತು ಹೇಳಬೇಕು. ಆ ಹುಡುಗಿ ಹೊಸನಗರದ ಕಡೆಯವಳು, ಹೈಸ್ಕೂಲ್ ಮೇಷ್ಟರೊಬ್ಬರ ಮಗಳು, ಡಿಗ್ರಿಯ ಮೊದಲ ವರ್ಷ. ಮಧ್ಯಾಹ್ನ ಎಲ್ಲರೂ ಕಾಲೇಜಿಗೆ ಹೋದಾಗ ನಾನು ರೂಮ್ ಚೆಕಿಂಗ್ ಮಾಡುತ್ತಿದ್ದೆ. ಅವಳ ಮಂಚದ ಕೆಳಗೆ ತಟ್ಟೆ ಮುಚ್ಚಿದ ಒಂದು ಬಕೆಟ್ ಇತ್ತು. ತಟ್ಟೆ ಎತ್ತಿದರೆ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಮೇಲೆ ನೊರೆ, ಒಳಗೆ ಬಿಳಿ ಬಿಳಿ ಚೂರು. ಹುಡುಗಿಯರು ರೂಮಿನಲ್ಲೇ ಹೆಂಡ ತಯಾರಿಸುತ್ತಿದ್ದಾರೆ ಎಂದು ತೀರ್ಮಾನಿಸಲು ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

ಬಕೆಟ್ಟನ್ನು ಹಿಂದಿನ ಚರಂಡಿಗೆ ಸುರಿದೆ. ಪ್ರಿನ್ಸಿಪಾಲರಿಗೆ ರಿಪೋರ್ಟ್ ಬರೆದೆ. "ಮಾದಕ ಪಾನೀಯ ತಯಾರಿಕೆ" ಎಂಬ ನನ್ನ ಅಕ್ಷರ ಇವತ್ತಿಗೂ ಕಣ್ಣ ಮುಂದಿದೆ. ಅವಳ ತಂದೆಗೆ ಫೋನ್ ಮಾಡಿದೆ. ಕಾಲೇಜಿನಿಂದ ಬಂದ ಹುಡುಗಿ ಅಳುತ್ತಾ, "ಅದು ಕಳಲೆ ಮೇಡಂ, ಅಮ್ಮ ಕಳಿಸಿದ್ದು, ನೆನೆ ಹಾಕಿದ್ದೆ" ಎಂದಳು. ಕಥೆ ಕಟ್ಟಬೇಡ ಎಂದು ಬಾಯಿ ಮುಚ್ಚಿಸಿದೆ. ನಾನು ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವಳು. ಎಳೆ ಬಿದಿರಿನ ಮೊಳಕೆಯ ಪಲ್ಯವನ್ನು ಇಲ್ಲಿಯ ಮನೆಗಳಲ್ಲಿ ತಿಂದಿದ್ದೆನೇ ಹೊರತು, ಅದನ್ನು ಹೆಚ್ಚಿ ಮೂರು ದಿನ ನೀರಿನಲ್ಲಿ ಇಡುತ್ತಾರೆ, ದಿನಾ ಆ ನೀರು ಚೆಲ್ಲಿ ಬೇರೆ ನೀರು ಹಾಕದಿದ್ದರೆ ಕಹಿ, ನಂಜು ಬಿಡುವುದಿಲ್ಲ ಎಂದು ಯಾರೂ ನನಗೆ ಹೇಳಿರಲಿಲ್ಲ.

ಸಂಜೆ ಮೆಸ್ಸಿನ ಅಡುಗೆ ಭಟ್ಟರು ಹಿತ್ತಲಿನಿಂದ ಬಂದವರು, "ಯಾರಮ್ಮಾ ಇಷ್ಟು ಚಂದದ ಕಳಲೇನ ಚರಂಡಿಗೆ ಸುರಿದಿದ್ದು? ಹೊಟ್ಟೆ ಉರಿಯುತ್ತೆ ನೋಡಿದ್ರೆ" ಎಂದರು.

"ನೊರೆ ಬಂದಿತ್ತಲ್ಲ" ಎಂದೆ.

"ನೀರು ಬದಲಾಯಿಸದೇ ಇದ್ರೆ ಬರದೇ ಇರುತ್ತಾ? ಎರಡು ದಿನದಿಂದ ನಲ್ಲೀಲಿ ನೀರೇ ಇಲ್ವಲ್ಲ."

ನಲ್ಲಿಯಲ್ಲಿ ನೀರಿರಲಿಲ್ಲ, ಯಾಕೆಂದರೆ ಟ್ಯಾಂಕ್ ತೊಳೆಸುವುದಕ್ಕೆಂದು ನೀರು ನಿಲ್ಲಿಸಿದವಳು ನಾನು.

ಅವಳ ತಂದೆ ಬರುವುದು ಮರುದಿನ ಬೆಳಿಗ್ಗೆ ಎಂದಿತ್ತು. ರಿಪೋರ್ಟಿನ ಹಾಳೆ ಇನ್ನೂ ನನ್ನ ಬಳಿಯೇ ಇತ್ತು, ಅದನ್ನು ಹರಿದು ಹಾಕಲು ಬೇಕಾದಷ್ಟು ಹೊತ್ತಿತ್ತು. ಹರಿಯಲಿಲ್ಲ. ಒಂದು ಸಲ ತಪ್ಪಾಯಿತು ಎಂದರೆ ಇಡೀ ಹಾಸ್ಟೆಲ್ ನನ್ನ ತಲೆಯ ಮೇಲೆ ಕೂರುತ್ತದೆ ಎಂಬ ಹೆದರಿಕೆ ನನ್ನದು. ಮೇಷ್ಟರು ಬಂದರು, ಕಾಗದ ಓದಿದರು, ಸಹಿ ಹಾಕಿದರು. ಮಗಳ ಟ್ರಂಕನ್ನು ತಾವೇ ಎತ್ತಿಕೊಂಡು ಗೇಟು ದಾಟಿದರು. ಒಂದು ವರ್ಷ ಅವಳ ಓದು ನಿಂತಿತೆಂದೂ, ಆಮೇಲೆ ಭದ್ರಾವತಿಯ ಸೋದರತ್ತೆಯ ಮನೆಯಲ್ಲಿದ್ದು ಡಿಗ್ರಿ ಮುಗಿಸಿದಳೆಂದೂ, ಅಪ್ಪ ಮಗಳ ಮಧ್ಯೆ ಮಾತು ಅಷ್ಟಕ್ಕಷ್ಟೇ ಎಂದೂ ಯಾರಿಂದಲೋ ಕಿವಿಗೆ ಬಿದ್ದಿತ್ತು. ಆಗಲೂ ಸುಮ್ಮನಿದ್ದೆ.

ಈಗ ಅವಳೇ ಕರೆದಿದ್ದಾಳೆ. ಕಳಲೆಯ ಬಗ್ಗೆ ಎರಡು ಮಾತು ಆಡಲು! ಇದು ನನ್ನನ್ನು ನೂರು ಜನರ ಮುಂದೆ ನಿಲ್ಲಿಸಿ ಮಾನ ಕಳೆಯುವ ಉಪಾಯವಲ್ಲದೆ ಮತ್ತೇನು? ಜ್ವರ ಎಂದು ಹೇಳಿ ಉಳಿದುಬಿಡಬಹುದಿತ್ತು. ಹೋಗದಿದ್ದರೆ ನನ್ನ ಬೆನ್ನ ಹಿಂದೆ ಏನು ಆಡುತ್ತಾರೋ ಎಂಬ ಅನುಮಾನ ಅದಕ್ಕಿಂತ ದೊಡ್ಡದಾಯಿತು. ಪಕ್ಕದ ಮನೆಯಾಕೆಯನ್ನು ಕೇಳಿ ಕಳಲೆಯ ಬಗ್ಗೆ ಎರಡು ಮಾತು ಬಾಯಿಪಾಠ ಮಾಡಿಕೊಂಡೆ. "ದಿನಾ ನೀರು ಬದಲಾಯಿಸಬೇಕು. ಒಗ್ಗರಣೆಗೆ ಎಣ್ಣೆ ಮುಂದಿರಬೇಕು." ಇಷ್ಟೇ ಹೇಳಿ ಕೂತುಬಿಡುವುದು ಎಂದು ನಿಶ್ಚಯ ಮಾಡಿದೆ.

ಊಟ ಸಂಜೆ ಆರೂವರೆಗೆ. ನಾನು ನಾಲ್ಕಕ್ಕೇ ಭದ್ರಾವತಿಯಲ್ಲಿ ಬಸ್ಸಿಳಿದೆ. ಹೇಳದೆ ಕೇಳದೆ ಮುಂಚೆ ಹೋಗಿ ನಿಲ್ಲುವುದು ನನ್ನ ಹಳೆಯ ಚಾಳಿ. ಕೈಯಲ್ಲಿ ನನ್ನ ಕಾಂಪೌಂಡಿನ ಬಸಳೆಯ ಒಂದು ಕಟ್ಟು ಇತ್ತು. ಬರಿಗೈಯಲ್ಲಿ ಬಂದಳು ಎನ್ನಿಸಿಕೊಳ್ಳಬಾರದಲ್ಲ.

ಶಾಲೆಯ ಹಿಂದಿನ ಶೆಡ್ಡಿನಲ್ಲಿ ಅಡುಗೆ ನಡೆಯುತ್ತಿತ್ತು. ನಾಲೆ ನೀರಿನಲ್ಲಿ ಬೆಳೆದ ಅಕ್ಕಿ ತೊಳೆಯುತ್ತಿದ್ದರು, ಹಲಸಿನ ಬೀಜ ಬೇಯುತ್ತಿತ್ತು, ಮೊಗೆಕಾಯಿ ಹೋಳಾಗಿ ಕೊಳಗದಲ್ಲಿ ಬಿದ್ದಿತ್ತು. ಒಬ್ಬಳು ಕೊತ್ತಂಬರಿ ಸೊಪ್ಪಿನ ಕಟ್ಟನ್ನು ಹಿಡಿದು ಇದು ಯಾವ ಊರಿನದು ಎಂದು ತಂದವನನ್ನು ಗದರಿಸುತ್ತಿದ್ದಳು. ಅಷ್ಟರಮಟ್ಟಿಗೆ ನನಗೆ ಅವಳು ಹಿಡಿಸಿದಳು. ಮೂಲೆಯಲ್ಲಿ ಒಂದು ಸ್ಟೀಲ್ ಡ್ರಮ್ ಇತ್ತು. ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಮೂರು ಗೀಟು, ಪ್ರತಿ ಗೀಟಿನ ಪಕ್ಕದಲ್ಲಿ ಹೊತ್ತು. ಒಂದೊಂದು ಗೀಟಿಗೆ ಒಂದೊಂದು ಸಲ ನೀರು ಬದಲಾಯಿಸಿದ್ದಾರೆಂದು ಅರ್ಥವಾಯಿತು. ಗೀಟು ಎಳೆಯುವುದಕ್ಕೆ ಏನು, ಮೂರನ್ನೂ ಒಂದೇ ಸಲ ಎಳೆದಿರಬಹುದು. ಮುಚ್ಚಳ ಎತ್ತಿ ಮೂಸಿದೆ.

"ಏನಮ್ಮಾ, ಒಂದೊಂದೇ ಮೂಸ್ತಾ ಬರ್ತಿದೀಯಾ? ಪೋಲೀಸಾ ನೀನು?"

ನುಗ್ಗೆಸೊಪ್ಪು ಬಿಡಿಸುತ್ತಾ ಕೂತಿದ್ದ ಅಜ್ಜಿಯೊಬ್ಬರು ಕೇಳಿದರು. ಕ್ವಾರ್ಟರ್ಸಿನವರು, ಮನೆಮಾತು ತಮಿಳು. ನಾನು ಮುಚ್ಚಳ ಹಾಕುತ್ತಿದ್ದಾಗ ಹಿಂದಿನಿಂದ ಇನ್ನೊಂದು ದನಿ ಬಂತು.

"ಬನ್ನಿ ಮೇಡಂ. ನೀವು ಬೇಗ ಬರ್ತೀರಿ ಅಂತ ಗೊತ್ತಿತ್ತು. ರೂಮ್ ಚೆಕಿಂಗ್ ಆಯ್ತಾ?"

ಅವಳೇ. ಆರು ವರ್ಷದಲ್ಲಿ ಮುಖ ತೆಳ್ಳಗಾಗಿತ್ತು, ಸೊಂಟಕ್ಕೆ ಟವೆಲ್ ಸುತ್ತಿದ್ದಳು. ನಗುತ್ತಿದ್ದಳು. ಆ ನಗುವಿನಲ್ಲಿ ಏನಿತ್ತು ಎಂದು ಇಪ್ಪತ್ತಾರು ವರ್ಷ ಹುಡುಗಿಯರ ಮುಖ ಓದಿದ ನನಗೆ ಓದಲಾಗಲಿಲ್ಲ. ಬಸಳೆ ಕಟ್ಟನ್ನು ಮುಂದೆ ಚಾಚಿದೆ. ತೆಗೆದುಕೊಂಡು, ಒಂದು ಎಲೆ ಹರಿದು ನೋಡಿ, "ಎಲ್ಲಿದು?" ಎಂದು ಕೇಳಿದಳು. ನನ್ನ ಮನೆಯದು ಎಂದೆ. "ನಿಜವಾಗ್ಲೂ?" ಎಂದಳು. ಹೌದು ಎಂದೆ. ಹೀಗೆ ಒಬ್ಬರಿಗೆ ಎರಡೆರಡು ಸಲ ಉತ್ತರ ಕೊಟ್ಟು ನನಗೆ ಅಭ್ಯಾಸವಿಲ್ಲ.

ಹಾಲಿನಲ್ಲಿ ಎರಡು ಪಂಕ್ತಿ ಚಾಪೆ ಹಾಸಿ, ಬಾಳೆ ಎಲೆ ಹಾಕಿದ್ದರು. ಕನ್ನಡಕದವಳು ನನ್ನನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಗೋಡೆ ಪಕ್ಕದ ಒಂದು ಎಲೆಯ ಮುಂದೆ ಕೂರಿಸಿದಳು. ತಲೆ ಎತ್ತಿದರೆ ನೇರ ಎದುರಿನ ಎಲೆಯಲ್ಲಿ ಆ ಮೇಷ್ಟರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಭದ್ರಾವತಿಯ ತಂಗಿಯ ಮನೆಗೆ ಬಂದವರು ಆ ತಂಗಿಯ ಜೊತೆಗೆ ಊಟಕ್ಕೆ ಬಂದಿದ್ದಾರೆಂದು ಆಮೇಲೆ ತಿಳಿಯಿತು. ಆಗ ನನಗೆ ಹೊಳೆದದ್ದು ಒಂದೇ. ಎಲ್ಲವೂ ಮೊದಲೇ ಗೊತ್ತುಮಾಡಿದ್ದು. ನನ್ನನ್ನು ಕರೆಸಿದ್ದು, ಅವರನ್ನು ಕರೆಸಿದ್ದು, ಎದುರು ಬದುರು ಕೂರಿಸಿದ್ದು. ಅವರು ನನಗೆ ಕೈ ಮುಗಿದರು. ನಾನೂ ಮುಗಿದೆ. ಇಬ್ಬರೂ ಎಲೆಗೆ ನೀರು ಚಿಮುಕಿಸಿ, ಒರೆಸಿ, ಮತ್ತೆ ಚಿಮುಕಿಸಿದೆವು.

ಪದಾರ್ಥಗಳು ಬರತೊಡಗಿದವು. ನುಗ್ಗೆಸೊಪ್ಪು ತಂದ ಅಜ್ಜಿ ಎದ್ದು, ತನ್ನ ಗಂಡ ಕಾರ್ಖಾನೆಗೆ ಸೇರಿದ ವರ್ಷ ನೆಟ್ಟ ಮರ, ಗಂಡ ಹೋದರು, ಮರ ಇದೆ ಎಂದರು. ಮೊಗೆಕಾಯಿ ತಂದವನು ತನ್ನ ಮಾವನ ಹಿತ್ತಲಿನದು ಎಂದ. ಜನ ನಗುತ್ತಿದ್ದರು, ಕೇಳಿ ಹಾಕಿಸಿಕೊಳ್ಳುತ್ತಿದ್ದರು. ನನ್ನ ಎಲೆಯ ಮೇಲೆ ಬಿದ್ದದ್ದೆಲ್ಲ ಹಾಗೇ ಇತ್ತು. ಆ ಹುಡುಗಿ ಸೌಟು ಹಿಡಿದು ಓಡಾಡುವುದನ್ನು ನೋಡುತ್ತಾ, ಎಲ್ಲರಿಗೂ ಒಂದು ಪಾತ್ರೆಯದು, ನನಗೆ ಮಾತ್ರ ನೆನೆಯದ ಕಳಲೆ ಬೇರೆ ಪಾತ್ರೆಯಿಂದ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಯೋಚಿಸಿದೆ. ಬರೆಯಲು ನಾಚಿಕೆಯಾಗುತ್ತದೆ. ಆದರೆ ಯೋಚಿಸಿದ್ದು ಹೌದು.

ಕೊನೆಗೆ ಅವಳು ಕಳಲೆ ಪಲ್ಯದ ಪಾತ್ರೆಯನ್ನು ಎರಡು ಪಂಕ್ತಿಗಳ ನಡುವೆ ತಂದು ಇಟ್ಟಳು.

"ಇದು ನಮ್ಮನೆ ಹಿಂದಿನ ಬಿದಿರು ಮೆಳೇದು. ಅಮ್ಮ ಹೆಚ್ಚಿ ಕಟ್ಟಿ ಕಳಿಸಿದ್ದು. ಮೂರು ನೀರು ಆಗಿದೆ" ಎಂದಳು. ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಇನ್ನು ಮೇಡಂ ಎರಡು ಮಾತು ಹೇಳ್ತಾರೆ."

ಎದ್ದು ನಿಂತೆ. ಮಂಡಿ ನೋಯುತ್ತಿತ್ತು. "ಕಳಲೆಗೆ ದಿನಾ ನೀರು ಬದಲಾಯಿಸಬೇಕು" ಎಂದೆ. ಒಗ್ಗರಣೆಯ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅವಳು ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಆ ನೋಟ ಹಾಸ್ಟೆಲಿನ ಆಫೀಸಿನಲ್ಲಿ ಅಳುತ್ತಾ ನಿಂತಿದ್ದಾಗಿನದೇ. ಹದಿನೆಂಟು ವರ್ಷದ ಆ ಹುಡುಗಿ ಹೇಳಿದ್ದು ನಿಜ, ಬರೆದ ನಾನು ಸುಳ್ಳಿ.

"ಬದಲಾಯಿಸದೇ ಇದ್ರೆ ನೊರೆ ಬರುತ್ತೆ" ಎಂದೆ. "ಹುಳಿ ವಾಸನೆ ಹೊಡೆಯುತ್ತೆ. ಗೊತ್ತಿಲ್ಲದವರು ಹೆಂಡ ಅಂದ್ಕೋತಾರೆ. ಆರು ವರ್ಷದ ಹಿಂದೆ ಈ ಹುಡುಗಿ ಮಂಚದ ಕೆಳಗಿದ್ದ ಕಳಲೇನ ನಾನು ಹೆಂಡ ಅಂತ ಬರೆದು, ಇವಳನ್ನ ಹಾಸ್ಟೆಲಿಂದ ಕಳಿಸಿದೆ. ನೀರು ಬದಲಾಯಿಸೋಣ ಅಂದ್ರೆ ನೀರೇ ಇರ್ಲಿಲ್ಲ. ನಿಲ್ಸಿದ್ದು ನಾನೇ. ಆವತ್ತು ಸಂಜೆಗೇ ನನಗೆ ಅದು ಕಳಲೆ ಅಂತ ಗೊತ್ತಾಯ್ತು. ಆದ್ರೂ ಬರೆದಿದ್ದನ್ನ ಬದಲಾಯಿಸ್ಲಿಲ್ಲ." ಎದುರಿಗೆ ತಿರುಗಿ ಹೇಳಿದೆ. "ಮೇಷ್ಟ್ರೇ, ನಿಮ್ಮ ಮಗಳು ಏನೂ ತಪ್ಪು ಮಾಡಿರ್ಲಿಲ್ಲ."

ಮೇಷ್ಟರು ಎಲೆಯನ್ನೇ ನೋಡುತ್ತಾ ಕೂತಿದ್ದರು. ಬಯ್ಯಲಿ ಎಂದು ಕಾದೆ. ಬೈದರೆ ಎಷ್ಟೋ ಹಗುರವಾಗುತ್ತಿತ್ತು.

"ನನಗೆ ಗೊತ್ತಿತ್ತು ಮೇಡಂ" ಎಂದರು.

ಹುಡುಗಿ ಅವರ ಕಡೆ ತಿರುಗಿದಳು. "ಏನ್ ಗೊತ್ತಿತ್ತು?"

"ಕಳಲೆ ಅಂತ. ಊರಿಗೆ ಹೋದ ದಿನಾನೇ ನಿಮ್ಮಮ್ಮ ಹೇಳಿದ್ಲು, ಕಟ್ಟಿ ಕಳಿಸಿದ್ದು ನಾನೇ ಅಂತ."

"ಅಮ್ಮ ನಿಮಗೆ ಹೇಳಿದ್ದು ನನಗೂ ಗೊತ್ತು. ನೀವು ನಂಬ್ಲಿಲ್ಲ ಅಂದ್ಲು."

"ನಂಬಿದ್ದೆ ಮಗಳೇ." ಮೇಷ್ಟರ ಬೆರಳುಗಳು ಎಲೆಯ ಅಂಚನ್ನು ಸಣ್ಣಗೆ ಸೀಳುತ್ತಿದ್ದವು. "ಅಷ್ಟೊತ್ತಿಗೆ ಬಸ್ಸಲ್ಲಿ ದಾರಿಯುದ್ದಕ್ಕೂ ನಿನಗೆ ಅನ್ನಬಾರದ್ದೆಲ್ಲ ಅಂದಾಗಿತ್ತು. ಕಾಲೇಜು ಬಿಡಿಸ್ತೀನಿ ಅಂತ ನಾಲ್ಕು ಜನರ ಎದುರು ಹೇಳಿ ಆಗಿತ್ತು. ಆಮೇಲೆ ನಂಬಿದೀನಿ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ."

ನಾನು ಆ ಹುಡುಗಿಯ ಮುಖ ನೋಡಿದೆ. ನೋಡಬಾರದಿತ್ತು. ನನ್ನ ಮಾತಿನಿಂದ ಅವಳ ಮೇಲಿನ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಆರು ವರ್ಷ ಅಪ್ಪ ನಿಜವನ್ನು ನಂಬದೆ ಹಾಗೆ ಮಾಡಿದರು ಎಂಬ ಒಂದು ಸಮಾಧಾನ ಅವಳಿಗಿತ್ತು, ಅದನ್ನೂ ನಾನೇ ಕಿತ್ತುಕೊಂಡಿದ್ದೆ. ನಿಜ ಗೊತ್ತಿದ್ದೂ ಸುಮ್ಮನಿದ್ದವರು ಇಬ್ಬರು ಹಿರಿಯರು, ಎದುರು ಬದುರು ಎಲೆ ಹಾಕಿಕೊಂಡು ಊಟಕ್ಕೆ ಕೂತಿದ್ದೆವು.

ಅವಳು ಅಳಲಿಲ್ಲ, ಕೂಗಲಿಲ್ಲ. ಸೊಂಟದ ಟವೆಲ್ ಬಿಚ್ಚಿ ಕೈ ಒರೆಸಿಕೊಂಡಳು. ಅಜ್ಜಿಯ ಪಕ್ಕ ಖಾಲಿ ಇದ್ದ ಎಲೆಯ ಮುಂದೆ ಕೂತಳು.

"ನೀವಿಬ್ರೂ ಬಡಿಸಿ" ಎಂದಳು. "ನಾನು ಊಟ ಮಾಡ್ತೀನಿ."

ಮೇಷ್ಟರು ಕೈ ತೊಳೆದು ಬಂದು ಸೌಟು ಹಿಡಿದರು. ನಾನು ಪಾತ್ರೆಯ ಒಂದು ಬದಿ ಎತ್ತಿಕೊಂಡೆ, ಇನ್ನೊಂದು ಬದಿಯನ್ನು ಅವರು. ಇಬ್ಬರಿಗೂ ಬಗ್ಗಿ ಬಡಿಸಿ ಗೊತ್ತಿಲ್ಲ. ಅವರ ತಂಗಿ ಮುಖಕ್ಕೆ ಸೆರಗು ಹಿಡಿದಿದ್ದರು. ಮೊದಲು ಹುಡುಗಿಯ ಎಲೆ. ಮೇಷ್ಟರು ಒಂದು ಸೌಟು ಹಾಕಿ ನಿಂತರು. ಸಾಕು ಎನ್ನುವವರೆಗೆ ಹಾಕುವುದು ನಮ್ಮಲ್ಲಿ ಪದ್ಧತಿ. ಅವಳು ಸಾಕು ಎನ್ನಲಿಲ್ಲ. ಎಲೆ ಮೇಲಿನ ಕಣ್ಣು ತೆಗೆಯದೆ ಕೂತಿದ್ದಳು. ಅವರು ಇನ್ನೊಂದು ಸೌಟು ಹಾಕಿದರು. ಮತ್ತೊಂದು. ರಾಶಿ ಜಾರಿ ಕಳಲೆ ಚೂರುಗಳು ಎಲೆಯಾಚೆ ಚಾಪೆಯ ಮೇಲೆ ಬಿದ್ದವು. ಅವಳು ಸಾಕು ಎನ್ನಲೇ ಇಲ್ಲ.

"ಬೇರೆಯವರಿಗೂ ಸ್ವಲ್ಪ ಇರ್ಲಿ ಸಾರ್" ಎಂದರು ಅಜ್ಜಿ.

ಆಗ ಮುಂದಿನ ಎಲೆಗೆ ಹೋದೆವು. ಎರಡು ಪಂಕ್ತಿ ಮುಗಿಸಿ ತಿರುಗಿ ನೋಡಿದಾಗ ಅವಳ ಎಲೆಯಲ್ಲಿ ಕಳಲೆ ಒಂದು ಚೂರೂ ಉಳಿದಿರಲಿಲ್ಲ. ನನ್ನ ಪಾಲಿನದನ್ನು ನಾನು ಕೊನೆಯಲ್ಲಿ, ಪಾತ್ರೆಯ ತಳದಿಂದ ಬಳಿದು ತಿಂದೆ. ಕಹಿ ಇರಲಿಲ್ಲ.

ಎದುರು ಬದುರು ಕೂರಿಸಿದ್ದು ಬೇಕೆಂದೇ ಮಾಡಿದ್ದೋ, ತಾನಾಗಿ ಆದದ್ದೋ ಇವತ್ತಿಗೂ ನನಗೆ ತಿಳಿಯದು. ಒಮ್ಮೆ ಕನ್ನಡಕದವಳನ್ನು ಕೇಳಿದೆ. ಮಂಡಿ ನೋವಿನವರಿಗೆ ಗೋಡೆ ಪಕ್ಕ ಜಾಗ ಕೊಡುವುದು ಅವರ ಕ್ರಮವಂತೆ, ಎರಡು ಗೋಡೆ ಎದುರು ಬದುರೇ ಇರುತ್ತವಂತೆ. ನಾನು ಪೂರ್ತಿ ನಂಬಿಲ್ಲ. ಮೇಷ್ಟರು ಆಮೇಲೆ ಮಗಳನ್ನು ನೋಡಲು ಎರಡು ಸಲ ಶಂಕರಘಟ್ಟಕ್ಕೆ ಬಂದಿದ್ದರಂತೆ. ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ.

ಈ ವರ್ಷ ಮತ್ತೆ ಕಳಲೆ ಬಂದಿದೆ. ನಮ್ಮ ಮನೆಯ ನಲ್ಲಿಯಲ್ಲಿ ದಿನವಿಡೀ ನೀರು ಬರುತ್ತದೆ ಎಂಬ ಕಾರಣಕ್ಕೆ ನೆನೆಹಾಕುವ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ. ಸ್ಟೀಲ್ ಡ್ರಮ್ ನನ್ನ ಬಚ್ಚಲಿನಲ್ಲಿದೆ. ಮುಚ್ಚಳದ ಮೇಲೆ ನಾನೇ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತೇನೆ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಅವಳ ಫೋನು ಬರುತ್ತದೆ. ಆರೋಗ್ಯ ಕೇಳುವುದಿಲ್ಲ, ತಿಂಡಿ ಕೇಳುವುದಿಲ್ಲ.

"ನೀರು ಬದಲಾಯಿಸಿದ್ರಾ?"

"ಬದಲಾಯಿಸಿದೆ."

"ಫೋಟೋ ಕಳ್ಸಿ."

ಮೊದಲ ದಿನ ನನಗೆ ಸಿಟ್ಟು ಬಂತು. ಈ ವಯಸ್ಸಿನಲ್ಲಿ ನನ್ನ ಮಾತಿಗೆ ಇಷ್ಟೂ ಬೆಲೆ ಇಲ್ಲವೇ ಎಂದು ಬಾಯಿ ತೆರೆದೆ, ತೆರೆದ ಬಾಯಿ ಮುಚ್ಚಿದೆ. ಈಗ ಫೋನು ಬರುವ ಮೊದಲೇ ಬಚ್ಚಲಿನ ಕಿಟಕಿ ತೆರೆದು, ಬೆಳಕು ಬೀಳುವ ಹಾಗೆ ಡ್ರಮ್ ಸರಿಸಿ, ನೊರೆಯಿಲ್ಲದ ನೀರಿನ ಫೋಟೋ ತೆಗೆದು ಇಟ್ಟುಕೊಂಡಿರುತ್ತೇನೆ. ಕಳಿಸುತ್ತೇನೆ. ಅವಳು ನೋಡಿದ ಗುರುತು ಬೀಳುತ್ತದೆ. ಉತ್ತರ ಬರುವುದಿಲ್ಲ.